ಎರಡು ಮಾತಿನ ಕೇತವ್ವ

ಹೂಂ, ಈ ಕಡೆ ತಿರುಗಿ ಮಲಗು. ಕಾಲು ನನ್ನ ಮಂಡಿ ಮೇಲೆ ಹಾಕ್ಬೇಡ ಮಗಾ, ನೋಯ್ತದೆ. ಹೂಂಗುಟ್ಕೊಂಡು ಕೇಳಬೇಕು, ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ತದೆ, ಆಮೇಲೆ ಬೆಳಿಗ್ಗೆ ಎದ್ದು ಅರ್ಧ ಕತೆ ಹೇಳಿದ್ದೆ ಅಂತ ರಂಪ ಮಾಡಂಗಿಲ್ಲ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ರಲ್ಲ, ಅದಕ್ಕೂ ಎಷ್ಟೋ ಹಿಂದೆ, ಒಂದು ದೊಡ್ಡ ಬೆಟ್ಟ ಇತ್ತಂತೆ. ಬೆಟ್ಟದ ಮೇಲೆ ಕಾಡುಜನರ ಗುಡಿಸಲುಗಳ ಒಂದು ಹಾಡಿ, ಬೆಟ್ಟದ ಕೆಳಗೊಂದು ಊರು. ಹಾಡಿಯೋರು ಬಂಡೆ ಮೇಲಿಂದ ಬಳ್ಳಿ ಇಳಿಬಿಟ್ಟು ಹೆಜ್ಜೇನು ಕೊಯ್ಯೋರಂತೆ. ಊರೋರು ಹೊಲದ ತುಂಬ ಹುಚ್ಚೆಳ್ಳು ಬಿತ್ತಿ, ಗಾಣಕ್ಕೆ ಹಾಕಿ ಎಣ್ಣೆ ತೆಗೆಯೋರಂತೆ. ಹಾಡಿಯೋರು ಗೆಣಸು ಸುಟ್ಟು ತಿನ್ನೋರು, ಊರೋರು ರಾಗಿ ಮುದ್ದೆ ಉಣ್ಣೋರು. ಊರೋರ ದೇವರು ಗುಡಿ ಒಳಗೆ, ಹಾಡಿಯೋರ ದೇವರು ಮರದ ಬುಡದಲ್ಲಿ. ಮಾತೂ ಬೇರೆ. ಇವರು ಮಾತಾಡಿದ್ರೆ ಅವರಿಗೆ ಕಲ್ಲು ಉರುಳಿದಂಗೆ ಕೇಳೋದಂತೆ, ಅವರು ಮಾತಾಡಿದ್ರೆ ಇವರಿಗೆ ನೀರು ಗುಳುಗುಳು ಅಂದಂಗೆ ಕೇಳೋದಂತೆ. ಆ ಮಾತು ನಂಗೂ ಬರಲ್ಲ, ಅದಕ್ಕೆ ಎಲ್ಲಾನೂ ನಮ್ಮ ಮಾತಲ್ಲೇ ಹೇಳ್ತೀನಿ.

ಆದ್ರೆ ಹಾಡಿಯೋರಿಗೆ ಎಣ್ಣೆ ಬೇಕಲ್ಲ, ಊರೋರಿಗೆ ಜೇನು ಬೇಕಲ್ಲ. ಅದಕ್ಕೆ ಹದಿನೈದು ದಿವಸಕ್ಕೊಂದು ಸಲ ಬೆಟ್ಟದ ಬುಡದಲ್ಲಿ ಒಂದು ಹೊಂಗೆಮರದ ಕೆಳಗೆ ಸೇರೋರಂತೆ. ಹಾಡಿಯಿಂದ ಅವರ ಹಿರಿಯ ಜಡೆಯಜ್ಜ ಬರೋನು, ಊರಿಂದ ಯಜಮಾನ ಹಲಗೇಗೌಡ ಬರೋನು. ಒಂದು ಸೋರೆಬುರುಡೆ ತುಂಬ ಜೇನು ಕೊಟ್ರೆ ಒಂದು ಕುಡಿಕೆ ಎಣ್ಣೆ. ಇವರಿಬ್ರ ನಡುವೆ ಕೂತು ಆ ಕಡೆ ಮಾತು ಈ ಕಡೆಗೆ, ಈ ಕಡೆ ಮಾತು ಆ ಕಡೆಗೆ ದಾಟಿಸೋಳು ಒಬ್ಬಳಿದ್ಳು. ಅವಳೇ ಕೇತವ್ವ.

ಕೇತವ್ವನ ತಾಯಿ ಹಾಡಿಯೋಳು, ತಂದೆ ಊರೋನು. ಹೆಂಗೋ ಕಂಡು ಮೆಚ್ಚಿ ಮದ್ವೆ ಆದ್ರಂತೆ, ಆಮೇಲೆ ಇವಳು ದೊಡ್ಡೋಳಾಗೋ ಹೊತ್ತಿಗೆ ಇಬ್ರೂ ತೀರ್ಕೊಂಡ್ರಂತೆ. ಚಿಕ್ಕೋಳಿದ್ದಾಗ ಊರಲ್ಲಿ ಆಡೋಕೆ ಹೋದ್ರೆ ಮಕ್ಕಳೆಲ್ಲ ಏ ಬೆಟ್ಟದೋಳೇ ಅನ್ನೋರಂತೆ, ಬೆಟ್ಟ ಹತ್ತಿ ತಾಯಿ ಕಡೆಯೋರ ಹತ್ರ ಹೋದ್ರೆ ಅಲ್ಲಿನ ಮಕ್ಕಳು ಏ ಕೆಳಗಿನೋಳೇ ಅನ್ನೋರಂತೆ. ಎರಡು ಕಡೇನೂ ಆಟಕ್ಕೆ ಸೇರಿಸ್ಕೊಳ್ತಿರ್ಲಿಲ್ಲ. ದೊಡ್ಡೋಳಾದ ಮೇಲೆ ನೋಡು, ಎರಡೂ ಮಾತು ಬಲ್ಲೋಳು ಅವಳೊಬ್ಬಳೇ ಅಂತಾಯ್ತಲ್ಲ, ಆಗ ಅವಳಿಗೆ ಬೆಲೆ ಬಂತು. ಗೌಡ ಬಂದು ಕೂತಿದ್ರೂ, ಜಡೆಯಜ್ಜ ಬಂದು ಕೂತಿದ್ರೂ, ಕೇತವ್ವ ಬರೋ ತನಕ ಇಬ್ರೂ ಬಾಯಿ ಮುಚ್ಕೊಂಡು ಕಾಯಬೇಕು. ಬಂದ್ಳಾ, ಬಂದ್ಳಾ ಅಂತ ಕತ್ತು ಉದ್ದ ಮಾಡಿ ದಾರಿ ನೋಡೋರಂತೆ. ವ್ಯಾಪಾರ ಮುಗಿದ ಮೇಲೆ ಅವರೊಂದು ಸೌಟು ಜೇನು, ಇವರೊಂದು ಸೌಟು ಎಣ್ಣೆ ಅವಳಿಗೆ ಅಂತ ಕೊಡೋರು. ಆ ಜೇನಿಗಿಂತ, ಆ ಎಣ್ಣೆಗಿಂತ, ಅವಳಿಗೆ ಆ ಬಂದ್ಳಾ ಬಂದ್ಳಾ ಅನ್ನೋದೇ ರುಚಿ.

ಹಿಂಗಿರೋವಾಗ ಒಂದಿನ ಏನಾಯ್ತು ಅಂದ್ರೆ, ಕೇತವ್ವ ಹೋಗೋದು ಸ್ವಲ್ಪ ತಡವಾಯ್ತಂತೆ. ಊರಲ್ಲಿ ಗಾಣದ ಚಿಕ್ಕತಾಯಿ ಅಂತ ಒಬ್ಬಳಿದ್ಳು, ಗಂಡ ಇಲ್ಲ, ಒಬ್ಬಳೇ ಎತ್ತು ಕಟ್ಟಿ ಗಾಣ ಆಡಿಸೋಳು, ಎಣ್ಣೆ ಅಳೆಯೋಕೆ ಅಂತ ಅವಳೂ ಮರದ ಹತ್ರ ಬರೋಳು. ಕೇತವ್ವ ಬಂದು ನೋಡ್ತಾಳೆ, ಚಿಕ್ಕತಾಯಿ ಎಣ್ಣೆ ಕುಡಿಕೆ ಎತ್ತಿ ಹಿಡಿದು ಇದಕ್ಕೇನಂತೀರಿ ಅಂತ ಕೈಸನ್ನೆ ಮಾಡ್ತಾವ್ಳೆ, ಜಡೆಯಜ್ಜ ಅವರ ಮಾತಲ್ಲಿ ಹೇಳಿಕೊಡ್ತಾವ್ನೆ, ಇವಳು ಅದನ್ನ ತಪ್ಪುತಪ್ಪಾಗಿ ಅಂತಾಳೆ, ಅಜ್ಜ ಬೊಚ್ಚುಬಾಯಿ ಬಿಟ್ಕೊಂಡು ನಗ್ತಾನೆ. ಹಲಗೇಗೌಡ ಬಲು ಬಿಗಿ ಮನುಷ್ಯ, ಅವನೂ ಮೀಸೆ ಒಳಗೇ ನಗ್ತಾವ್ನೆ. ಕೇತವ್ವ ಬಂದು ನಿಂತಿದ್ದನ್ನ ಯಾರೂ ತಿರುಗಿ ನೋಡ್ಲಿಲ್ಲಂತೆ.

ಅದನ್ನ ನೋಡಿ ಅವಳಿಗೆ, ಅಯ್ಯೋ, ಇವರು ಹಿಂಗೇ ಸಲಕ್ಕೊಂದು ಮಾತು ಕಲಿತುಬಿಟ್ರೆ, ಆಮೇಲೆ ನನ್ನನ್ನ ಯಾರು ಕರೀತಾರೆ, ಮತ್ತೆ ನಾನು ಊರಿಗೆ ಬೆಟ್ಟದೋಳು, ಬೆಟ್ಟಕ್ಕೆ ಕೆಳಗಿನೋಳು ಆಗ್ತೀನಲ್ಲ ಅಂತ ಅನ್ನಿಸಿಬಿಡ್ತಂತೆ.

ಆ ಹೊತ್ತಿಗೆ ಸರಿಯಾಗಿ ಗೌಡ ಅವಳನ್ನ ಕಂಡು, ಬಂದ್ಯಾ ಕೇತವ್ವ, ಅಜ್ಜನಿಗೆ ಹೇಳು, ಹೋದ ಸಲ ಕೊಟ್ಟ ಜೇನಲ್ಲಿ ಹೋದ ವರ್ಷದ ನಮ್ಮ ಹುಚ್ಚೆಳ್ಳು ಹೂವಿನ ಪರಿಮಳ ಇನ್ನೂ ಐತೆ, ಮನೇಲಿ ಎಲ್ರೂ ಬೆರಳು ಚೀಪಿದ್ರು ಅಂತ ಹೇಳು ಅಂದ್ನಂತೆ. ಎಷ್ಟು ಒಳ್ಳೆ ಮಾತು ನೋಡು. ಕೇತವ್ವ ಜಡೆಯಜ್ಜನ ಕಡೆ ತಿರುಗಿದ್ಳು. ತಿರುಗಿ ಏನಂದ್ಳು ಗೊತ್ತಾ? ಗೌಡ್ರು ಹೇಳ್ತಾವ್ರೆ, ಈ ಜೇನು ನಮ್ಮ ಹೂವಿನಿಂದ ಆಗಿದ್ದು, ಇದರಲ್ಲಿ ಅರ್ಧ ಪಾಲು ನಮ್ಮದೇ ಅಂತ, ಅಂದ್ಳಂತೆ.

ಅಜ್ಜನ ನಗು ಅಲ್ಲೇ ನಿಂತುಹೋಯ್ತಂತೆ. ಅವನು ಎಣ್ಣೆ ತಗೊಂಡು ಎದ್ದು ಹೋದ. ಗೌಡನಿಗೆ, ಅರೆ, ಹೊಗಳಿದ್ರೆ ಹಿಂಗೆ ಎದ್ದು ಹೋದ್ನಲ್ಲ ಅನ್ನಿಸ್ತು. ಕೇತವ್ವ ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದ್ಳಂತೆ. ಯಾಕೆ ಮುಕ್ಕಳಿಸ್ತಾ ಇದ್ದೀನಿ ಅಂತ ಅವಳಿಗೇ ಗೊತ್ತಿರ್ಲಿಲ್ಲ.

ಆಮೇಲೆ ಮತ್ತೆ ಹದಿನೈದು ದಿನ ಕಳೀತು. ಜಡೆಯಜ್ಜ ಬಂದು ಕೂತು, ಕೇತವ್ವನ ಹತ್ರ ಹೇಳಿದ್ನಂತೆ, ಕೂಸೇ, ನಾನು ಯೋಚನೆ ಮಾಡ್ದೆ. ಜೇನುಹುಳಕ್ಕೆ ಯಾರೂ ಯಜಮಾನರಿಲ್ಲ, ಹೂವಿದ್ದ ಕಡೆ ಹೋಗ್ತದೆ. ಆದ್ರೂ ಹೂವು ಅವರದ್ದೇ ಅಲ್ವಾ, ಗೌಡ ಕೇಳಿದ್ದರಲ್ಲೂ ಒಂದು ನ್ಯಾಯ ಐತೆ. ಅರ್ಧ ಆಗಲ್ಲ, ನಮಗೂ ಮಕ್ಕಳಿದ್ದಾವೆ. ಮುಂದಿನ ಸಲದಿಂದ ಒಂದು ಬುರುಡೆ ಹೆಚ್ಚಿಗೆ ತರ್ತೀನಿ ಅಂತ ಹೇಳು.

ಕೇತವ್ವ ಸಿಕ್ಕಿಹಾಕ್ಕೊಂಡ್ಳು. ಇದನ್ನ ಇದ್ದಂಗೆ ಹೇಳಿದ್ರೆ ಗೌಡ ಏನಂತಾನೆ? ನಾನ್ಯಾವಾಗ ಹೆಚ್ಚಿಗೆ ಕೇಳ್ದೆ ಅಂತಾನೆ. ಆಗ ಎಲ್ಲಾ ಬಯಲಾಗ್ತದೆ. ಎರಡೂ ಕಡೆಯೋರು ಅವಳ ಮುಖಾನೇ ನೋಡ್ತಾ ಕೂತವ್ರೆ. ಅವಳಿಗೆ ಎಂಥ ನಾಚಿಕೆ ಆಯ್ತು ಅಂದ್ರೆ, ಆ ನಾಚಿಕೆ ಮುಚ್ಕೊಳ್ಳೋಕೇ ಇನ್ನೊಂದು ಸುಳ್ಳು ಹೇಳಿಬಿಟ್ಳಂತೆ. ಗೌಡ್ರೇ, ಹುಳ ನಮ್ಮದು, ಎಲ್ಲಿ ಬೇಕಾದ್ರೂ ಮೇಯ್ತದೆ, ಅದನ್ನ ಮಾತಾಡೋಕೆ ನೀವ್ಯಾರು ಅಂತ ಅಜ್ಜ ಕೇಳ್ತಾವ್ನೆ, ಅಂದ್ಳಂತೆ.

ಗೌಡನ ಮುಖ ಕೆಂಪಗಾಯ್ತು. ತಗೊಂಡಿದ್ದ ಜೇನನ್ನ ಅಲ್ಲೇ ಇಟ್ಟು ಎದ್ದು ಹೋದ್ನಂತೆ. ಊರಿಗೆ ಹೋಗಿ ಹೇಳಿದ. ಊರಲ್ಲಿ ಒಬ್ಬರು ಒಂದಂದ್ರೆ ಇನ್ನೊಬ್ಬರು ಎರಡಂತಾರಲ್ಲ, ಹಂಗೆ ಆ ಹುಳ ಬಂದು ಹೂವಿನ ಹಾಲು ಹೀರ್ತವೆ, ಅದಕ್ಕೇ ನಮ್ಮ ಕಾಳು ಸಣ್ಣ, ಅದಕ್ಕೇ ನಮ್ಮೆಣ್ಣೆ ತೆಳ್ಳಗೆ ಅಂತ ಶುರುವಾಯ್ತಂತೆ.

ಮೂರನೇ ಸಲ ಸೇರಿದಾಗ ಹೊಲದಲ್ಲಿ ಮೊಗ್ಗು ಬಂದಿತ್ತಂತೆ. ಗೌಡ ಕೂರಲೂ ಇಲ್ಲ. ನಿಂತ್ಕೊಂಡೇ, ಹೂವು ಬಿಟ್ಟಾಗ ಅವರ ಹುಳ ಕೆಳಗೆ ಇಳಿಯೋದು ಬೇಡ, ಇಳಿದ್ರೆ ಹೊಗೆ ಹಾಕ್ತೀವಿ ಅಂತ ಹೇಳವ್ವ ಅಂದ. ಅದನ್ನ ಕೇತವ್ವ ಇದ್ದಂಗೇ ಹೇಳಿದ್ಳು. ಜಡೆಯಜ್ಜ ತಲೆ ತಗ್ಗಿಸ್ಕೊಂಡು ಕೂತುಬಿಟ್ಟ. ಆ ಮುದುಕ ತಲೆ ತಗ್ಗಿಸಿದ್ದು ನೋಡಿ ಗೌಡನಿಗೆ ಏನನ್ನಿಸ್ತೋ ಏನೋ, ತಡೀ ಕೇತವ್ವ, ಅಜ್ಜ ಯಾವತ್ತೂ ಇಂಥ ಮಾತಾಡಿದೋನಲ್ಲ, ಹಾಡೀಲಿ ಏನಾದ್ರೂ ಕಷ್ಟ ಬಂತಾ, ಯಾರಿಗಾದ್ರೂ ಹುಷಾರಿಲ್ವಾ, ಕೇಳು ಅಂದ್ನಂತೆ.

ಅದೊಂದು ಮಾತು ದಾಟಿಸಿದ್ರೆ ಸಾಕಾಗಿತ್ತು. ಕೇತವ್ವ ನೆಲ ನೋಡ್ಕೊಂಡು ನಿಂತ್ಳು. ಏನಂದ ಗೌಡ ಅಂತ ಜಡೆಯಜ್ಜ ಕೇಳಿದ. ಏನಿಲ್ಲಜ್ಜ, ಹೇಳಿದ್ದೇ ಹೇಳಿದ್ರು ಅಂದ್ಳು. ಏನಂತಾನೆ ಅಜ್ಜ ಅಂತ ಗೌಡ ಕೇಳಿದ. ಅವನು ಮಾತಾಡಲ್ವಂತೆ ಗೌಡ್ರೇ ಅಂದ್ಳು. ಅಷ್ಟೇ. ಇಬ್ರೂ ಎದ್ದು ಅವರವರ ದಾರಿ ಹಿಡಿದ್ರು.

ಹೂಂ ಅನ್ನು. ಎದ್ದಿದ್ದೀಯಾ? ಹಾಂ.

ಆಮೇಲೆ ಹೂವು ಬಿಡ್ತು. ಬೆಟ್ಟದ ಬುಡದಿಂದ ಹೊಳೆ ತನಕ ಅರಿಶಿನ ಚೆಲ್ಲಿದಂಗೆ ಹಳದಿ. ಹುಳ ಇಳಿದ್ವು. ಊರ ಗಂಡಸರೆಲ್ಲ ಬದುಬದುವಿನ ಮೇಲೂ ಬೆಂಕಿ ಮಾಡಿ ಅದರ ಮೇಲೆ ಹಸಿ ಸೊಪ್ಪು ಒಟ್ಟಿದ್ರಂತೆ. ಹೂವು ಉದುರೋ ತನಕ ದಿನಾ ಹೊಗೆ. ಹುಳ ಬಂದೂ ಬಂದೂ ವಾಪಸ್ ಹೋಗಿ, ಕೊನೆಗೆ ಒಂದು ದಿನ ಬಂಡೆ ಬಿಟ್ಟು ಎತ್ತಲೋ ಎದ್ದು ಹೋದ್ವಂತೆ. ಕರೀ ಚಾಪೆ ಹಾಸಿದಂಗೆ ಕಾಣ್ತಿದ್ದ ಬಂಡೆ ಬರೀ ಬಂಡೆ ಆಯ್ತು. ಹಾಡಿಯೋರು ಕೆಳಗೆ ನಿಂತು ಮೇಲೆ ನೋಡಿ ಅತ್ರಂತೆ.

ಊರೋರಾದ್ರೂ ಗೆದ್ರಾ ಅಂದ್ರೆ, ಅದೂ ಇಲ್ಲ. ಕುಯ್ಲು ಮಾಡಿ, ಬಡಿದು, ತೂರಿದ್ರೆ ಎಲ್ಲಾ ಗಾಳೀಲಿ ಹಾರಿ ಹೋಯ್ತಂತೆ. ಬರೀ ಜೊಳ್ಳು. ಕಾಳೇ ಕಟ್ಟಿಲ್ಲ. ಚಿಕ್ಕತಾಯಿ ಗಾಣದಲ್ಲಿ ಎತ್ತು ಸುತ್ತಿದ್ದೇ ಸುತ್ತಿದ್ದು, ಎಣ್ಣೆ ಅಂತ ಬಂದಿದ್ದು ಮನೆಮನೆಗೆ ಒಂದು ಹಣತೆಯಷ್ಟು. ಊರೋರು ಅದಕ್ಕೂ ಹಾಡಿಯೋರನ್ನೇ ಬೈದ್ರು, ಏನೋ ಮಾಟ ಮಾಡಿಸವ್ರೆ ಅಂತ.

ಹೊಂಗೆಮರದ ಕೆಳಗೆ ಯಾರೂ ಬರಲಿಲ್ಲ. ಕೇತವ್ವ ಮಾತ್ರ ಮೊದಲೆರಡು ಸಲ ಹೋಗಿ ಒಬ್ಬಳೇ ಕೂತು ಬಂದ್ಳಂತೆ. ಅವಳ ಮನೇಲಿ ನೋಡು, ಸೌಟು ಸೌಟಾಗಿ ಕೂಡಿಟ್ಟಿದ್ದ ಜೇನು ಒಂದು ಗಡಿಗೆ, ಎಣ್ಣೆ ಒಂದು ಗಡಿಗೆ, ಎರಡೂ ತುಂಬಿತ್ತು. ಊರಿಗೆಲ್ಲ ಇಲ್ಲ, ಹಾಡಿಗೆಲ್ಲ ಇಲ್ಲ, ಇವಳ ಮನೇಲಿ ಎರಡೂ ಐತೆ. ಆ ಗಡಿಗೆಗಳ ಕಡೆ ಬೆನ್ನು ಮಾಡಿ ಮಲಗೋಳಂತೆ.

ಚಳಿಗಾಲ ಬಂತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೂಗಿದ್ರು. ನೋಡಿದ್ರೆ ಜಡೆಯಜ್ಜನ ಮೊಮ್ಮಗಳು ಜವನಿ. ಹೆತ್ತು ತಿಂಗಳಾಗಿತ್ತು, ಕೂಸನ್ನ ಬೆನ್ನಿಗೆ ಕಟ್ಕೊಂಡು ಬೆಟ್ಟ ಇಳಿದು ಬಂದವ್ಳೆ. ಕೇತಕ್ಕಾ, ಕೂಸಿನ ಮೈ ಚಳಿಗೆ ಒಡೆದುಹೋಗೈತೆ, ರಕ್ತ ಜಿನುಗ್ತದೆ, ಒಂದು ಸೌಟು ಎಣ್ಣೆ ಕೊಡ್ತೀಯಾ ಅಂದ್ಳಂತೆ. ಬಾ ಅಂತ ಕೇತವ್ವ ಒಳಗೆ ಕರ್ಕೊಂಡ್ಳು. ಅಷ್ಟರಲ್ಲೇ ಗಾಣದ ಚಿಕ್ಕತಾಯಿನೂ ಬಂದ್ಳಂತೆ, ಕೇತಿ, ನಮ್ಮವ್ವಂಗೆ ಕೆಮ್ಮು ನಿಲ್ತಾ ಇಲ್ಲ ಕಣೇ, ಚೂರು ಜೇನಿದ್ರೆ ಕೊಡು ಅಂತ.

ಇಬ್ರೂ ಒಬ್ಬರನ್ನೊಬ್ಬರು ನೋಡಿದ್ರು. ಒಬ್ಬಳಿಗೆ ಇನ್ನೊಬ್ಬಳ ಮಾತು ಬರಲ್ಲ. ಚಿಕ್ಕತಾಯಿ ಕೂಸಿನ ಕೈ ನೋಡಿದ್ಳು. ಸೀಳು ಸೀಳಾಗಿತ್ತಂತೆ. ಅಯ್ಯೋ ನನ್ನ ಕಂದ ಅಂತ ಅದನ್ನ ಇಸ್ಕೊಂಡು, ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸ್ಕೊಂಡು, ಕೇತವ್ವ ಕೊಟ್ಟ ಎಣ್ಣೇನ ಅಂಗೈಲಿ ಬೆಚ್ಚಗೆ ಮಾಡಿ ನೀವೋಕೆ ಶುರು ಮಾಡಿದ್ಳಂತೆ. ಜವನಿ ಅದನ್ನೇ ನೋಡ್ತಾ ನೋಡ್ತಾ ಕಣ್ಣಲ್ಲಿ ನೀರು ಹಾಕ್ಕೊಂಡು ಏನೋ ಕೇಳಿದ್ಳು.

ಏನಂತಾಳೆ ಅಂತ ಚಿಕ್ಕತಾಯಿ ಕೇಳಿದ್ಳು.

ಕೇತವ್ವ ಅಂದ್ಳು, ಇಷ್ಟು ಒಳ್ಳೆಯೋರು ಯಾಕೆ ಹೊಗೆ ಹಾಕಿದ್ರಿ, ನಾವು ನಿಮಗೆ ಏನು ಮಾಡಿದ್ವಿ ಅಂತಾವ್ಳೆ.

ಚಿಕ್ಕತಾಯಿ ಕೈ ನಿಲ್ಲಿಸಿ, ಅದು ನಾವು ಕೇಳೋ ಮಾತು ಕಣೇ, ಹುಳ ನಮ್ಮದು ನೀವ್ಯಾರು ಅಂತ ಅವರಜ್ಜ ಅನ್ನಬಹುದಾ, ಅಷ್ಟು ದಿನ ಜೊತೇಲಿ ಕೂತು ನಕ್ಕೋನು, ಕೇಳು ಅವಳನ್ನ ಅಂದ್ಳಂತೆ.

ಕೇತವ್ವ ಜವನಿ ಕಡೆ ತಿರುಗಿದ್ಳು. ಎಣ್ಣೆ ಗಡಿಗೆ ಒಂದು ಕಡೆ, ಜೇನಿನ ಗಡಿಗೆ ಒಂದು ಕಡೆ, ನಡುವೆ ಆ ಕೂಸು ಕಾಲು ಬಡೀತಾ ಮಲಗೈತೆ, ಇಬ್ರು ಹೆಂಗಸರೂ ಇವಳ ಬಾಯಿ ನೋಡ್ತಾವ್ರೆ. ಕಿವಿ, ಕೆನ್ನೆ, ಎದೆ ಎಲ್ಲಾ ಬೆಂಕಿ ಹತ್ಕೊಂಡಂಗೆ ಆಯ್ತಂತೆ ಅವಳಿಗೆ. ಕೊನೆಗೆ ಗೋಡೆ ನೋಡ್ಕೊಂಡು, ಅಜ್ಜ ಹಂಗೆ ಅಂದಿರ್ಲಿಲ್ಲ ಕಣಕ್ಕಾ, ಅದು ನಾನಂದಿದ್ದು ಅಂದ್ಳಂತೆ.

ಚಿಕ್ಕತಾಯಿಗೆ ಅರ್ಥ ಆಗೋಕೆ ಒಂದು ಗಳಿಗೆ ಬೇಕಾಯ್ತು. ಆಮೇಲೆ ಬೈಲೂ ಇಲ್ಲ, ಕೂಗಾಡ್ಲೂ ಇಲ್ಲ. ಕೂಸಿಗೆ ಬಟ್ಟೆ ಸುತ್ತಿ ಜವನಿ ಕೈಗೆ ಕೊಟ್ಳು. ನನ್ನ ಹತ್ರ ಹೇಳಿ ಏನು ಬಂತು, ಹೇಳಬೇಕಾದೋರಿಗೆ ಹೇಳು ಅಂದು ಎದ್ದು ಹೋದ್ಳಂತೆ. ಕೇಳಿ ಬಂದಿದ್ದ ಜೇನನ್ನೂ ತಗೊಳ್ಳಲಿಲ್ಲ. ಜವನಿಗೆ ಆಡಿದ ಮಾತೇನೂ ತಿಳೀಲಿಲ್ಲ, ಆದ್ರೆ ಮುಖ ನೋಡಿದ್ರೆ ಗೊತ್ತಾಗಲ್ವಾ, ಅವಳೂ ಕೂಸನ್ನ ಎದೆಗೆ ಒತ್ಕೊಂಡು ಹೊರಟುಬಿಟ್ಳು.

ಅದಾದ ಮೊದಲನೇ ದಿನ ಕೇತವ್ವ ಬಟ್ಟೆ ಗಂಟು ಕಟ್ಕೊಂಡು ಊರು ಬಿಟ್ಟು ಹೋಗೋಣ ಅಂತ ಹೊರಟ್ಳಂತೆ. ಹೊಳೆ ತನಕ ಹೋದ್ಳು. ಅಲ್ಲಿ ಯಾವೂರಮ್ಮಾ ಅಂತ ಯಾರೋ ಕೇಳಿದ್ರು. ಅದಕ್ಕೆ ಏನು ಹೇಳಬೇಕೋ ತಿಳೀದೆ ವಾಪಸ್ ಬಂದ್ಳು. ಎರಡನೇ ದಿನ ಯೋಚನೆ ಮಾಡಿದ್ಳು, ವಯಸ್ಸಾದ ಅಜ್ಜ, ಅವನು ಅಂದಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ ಅಂತ ಗೌಡನಿಗೆ ಹೇಳಿಬಿಟ್ರೆ? ಯಾರಿಗೂ ತಪ್ಪಿಲ್ಲ. ಆ ಮಾತನ್ನ ಬಾಯಲ್ಲಿ ಆಡಿ ನೋಡಿದ್ಳಂತೆ, ಅದೂ ಸುಳ್ಳಿನಂಗೇ ಕೇಳಿಸ್ತು. ಮೂರನೇ ದಿನ ಬೆಳಿಗ್ಗೆ ಎದ್ದು ಬೆಟ್ಟ ಹತ್ತಿ ಜಡೆಯಜ್ಜನಿಗೆ, ನಾಳೆ ಮರದ ಹತ್ರ ಬಾ ಅಜ್ಜ, ಒಂದು ಮಾತು ಹೇಳೋದೈತೆ, ಎಲ್ರನ್ನೂ ಕರ್ಕೊಂಡು ಬಾ ಅಂದ್ಳು. ಇಳಿದು ಬಂದು ಗೌಡನಿಗೂ ಹಂಗೇ ಅಂದ್ಳು.

ಮಾರನೇ ದಿನ ಮರದ ಆ ಕಡೆ ಹಾಡಿಯೋರು, ಈ ಕಡೆ ಊರೋರು. ಒಬ್ಬರೂ ನಗಲ್ಲ. ಕೇತವ್ವ ಎರಡೂ ಗಡಿಗೆ ತಂದು ನಡುವೆ ಇಟ್ಟು, ಮೊದಲು ಊರೋರ ಕಡೆ ತಿರುಗಿ ಹೇಳಿದ್ಳಂತೆ. ನೀವು ಹೊಗಳಿದ್ರಿ, ನಾನು ಗೌಡ್ರು ಪಾಲು ಕೇಳ್ತಾವ್ರೆ ಅಂತ ಅಜ್ಜನಿಗೆ ಹೇಳಿದೆ. ಅಜ್ಜ ಹೆಚ್ಚಿಗೆ ಕೊಡ್ತೀನಿ ಅಂದ, ನಾನು ನೀವ್ಯಾರು ಅಂತ ಅಜ್ಜ ಕೇಳ್ತಾವ್ನೆ ಅಂತ ನಿಮಗೆ ಹೇಳಿದೆ. ಏನು ಕಷ್ಟ ಕೇಳು ಅಂದ್ರಿ, ನಾನು ಕೇಳಲೇ ಇಲ್ಲ. ಹಿಂಗೆ ಒಂದೊಂದಾಗಿ ಹೇಳಿದ್ಳು. ಅವಳು ಅಳ್ತಾ ಹೇಳ್ತಿದ್ರೆ ಹಾಡಿಯೋರು ಏನೂ ತಿಳೀದೆ, ಯಾಕೆ ಅಳ್ತಾವ್ಳೆ ಇವಳು ಅಂತ ನೋಡ್ತಿದ್ರಂತೆ. ಮುಗೀತು ಅಂತ ಸೆರಗಲ್ಲಿ ಮುಖ ಒರೆಸ್ಕೊಂಡ್ಳು. ಆದ್ರೆ ಮುಗಿದಿರ್ಲಿಲ್ಲವಲ್ಲ. ಆ ಕಡೆ ತಿರುಗಿ, ತಾಯಿ ಕಲಿಸಿದ ಮಾತಲ್ಲಿ, ಎಲ್ಲಾನೂ ಮತ್ತೆ ಮೊದಲಿಂದ ಹೇಳಬೇಕಾಯ್ತು. ಬೇರೆ ಕಳ್ಳರು ಒಂದು ಸಲ ತಪ್ಪು ಒಪ್ಕೊಂಡ್ರೆ ಸಾಕು, ಕೇತವ್ವ ಎರಡು ಸಲ ಒಪ್ಕೋಬೇಕಾಯ್ತು ನೋಡು. ಎರಡನೇ ಸಲವೇ ಬಲು ಕಷ್ಟ ಆಯ್ತಂತೆ, ಯಾಕಂದ್ರೆ ಮುಂದೆ ಏನು ಬರ್ತದೆ ಅಂತ ಅವಳಿಗೆ ಗೊತ್ತಿತ್ತು.

ಗೌಡ ಎದ್ದು ನಿಂತು ಗುಡುಗಿದ್ನಂತೆ, ಇವಳು ಊರಲ್ಲಿ ಇರಂಗಿಲ್ಲ, ಇವತ್ತೇ ಓಡಿಸಬೇಕು, ಅಜ್ಜ ಏನಂತಾನೆ ಕೇಳು. ಇದನ್ನ ದಾಟಿಸೋಳು ಯಾರು? ಅವಳೇ. ಬೇರೆ ಯಾರಿಗೆ ಬರ್ತದೆ? ಕೇತವ್ವ ಅಜ್ಜನ ಕಡೆ ತಿರುಗಿ, ನನ್ನನ್ನ ಊರಲ್ಲಿ ಇಟ್ಕೊಳ್ಳಲ್ವಂತೆ, ಇವತ್ತೇ ಓಡಿಸಬೇಕಂತೆ, ನೀನೇನಂತೀಯ ಅಂತ ಕೇಳ್ತಾವ್ರೆ ಅಂದ್ಳು. ಅಕ್ಷರ ಬಿಡದೆ ಅಂದ್ಳಂತೆ. ಜಡೆಯಜ್ಜ, ಓಡಿಸಲಿ, ನಮ್ಮ ಹಾಡಿಗೂ ಇವಳು ಬೇಡ ಅಂದ. ಅದನ್ನೂ ಈ ಕಡೆಗೆ ಹೇಳಿದ್ಳು, ಹಾಡಿಗೂ ನಾನು ಬೇಡ್ವಂತೆ ಗೌಡ್ರೇ ಅಂತ. ಎಷ್ಟೋ ತಿಂಗಳಾದ ಮೇಲೆ ಊರೂ ಹಾಡಿಯೂ ಒಪ್ಕೊಂಡ ಮೊದಲನೇ ಮಾತು ಅದು.

ಆಮೇಲೆ ಅಜ್ಜ ಅವಳನ್ನೇ ನೋಡಿ, ಇವತ್ತು ನೀನು ಸರಿಯಾಗಿ ದಾಟಿಸ್ತಾ ಇದ್ದೀಯ ಕೂಸೇ ಅಂದ್ನಂತೆ. ಹೋಗೋ ಮುಂಚೆ ಇನ್ನೊಂದು ಮಾತು ದಾಟಿಸಿ ಹೋಗು. ಸುಳ್ಳು ಇವಳದು ಸರಿ, ಹೊಗೆ ಹಾಕಿದ್ದು ನೀವಲ್ವಾ, ನಮ್ಮ ಹುಳ ನಿಮ್ಮ ಹೊಲದಲ್ಲಿ ಏನು ಹಾಳು ಮಾಡಿದ್ವು ಅಂತ ಗೌಡನ್ನ ಕೇಳು.

ಗೌಡ ಅಂದ, ಹೂವಿನ ಹಾಲು ಹೀರ್ತವೆ, ಕಾಳು ಜೊಳ್ಳಾಗ್ತದೆ.

ಈ ವರ್ಷ ಹುಳ ಬರಲಿಲ್ಲವಲ್ಲ, ಕಾಳು ದಪ್ಪ ಆಯ್ತಾ ಅಂತ ಅಜ್ಜ ಕೇಳಿದ್ನಂತೆ.

ಗೌಡ ಊರೋರ ಕಡೆ ತಿರುಗಿ ನೋಡಿದ. ಆಗ ಹಿಂದಿನಿಂದ ಚಿಕ್ಕತಾಯಿ, ತಡೀರಿ ಅಂತ ಹೇಳಿ ಮನೆಗೆ ಓಡಿದ್ಳು. ಓಡಿಬಂದು ಮಡಿಲು ಬಿಚ್ಚಿದ್ಳು. ಹುಚ್ಚೆಳ್ಳು! ಕಪ್ಪಗೆ, ಮಿರಮಿರ ಅಂತ, ಒಂದೊಂದು ಕಾಳೂ ತುಂಬಿಕೊಂಡೈತೆ. ಎಲ್ಲಿತ್ತೇ ಇದು ಅಂದ್ರೆ, ಗಾಣದ ಹಿತ್ತಲಲ್ಲಿ ನಾಲ್ಕು ಸಾಲು ಬಿತ್ತಿದ್ದೆ, ಹೊಗೆ ಹಾಕಿದ್ರೆ ನಮ್ಮೆತ್ತಿಗೆ ಕೆಮ್ಮು ಬರ್ತದೆ ಅಂತ ಅಲ್ಲಿ ಹಾಕಿರ್ಲಿಲ್ಲ, ಹುಳ ಬಂದು ಗುಂಯ್ ಅಂತಿದ್ವು, ನಮ್ಮ ಅದೃಷ್ಟಕ್ಕೆ ಇಷ್ಟಾದ್ರೂ ಬಂತು ಅಂತ ಬಿತ್ತನೆಗೆ ಎತ್ತಿಟ್ಟಿದ್ದೆ ಅಂದ್ಳಂತೆ. ಹೇಳ್ತಾ ಹೇಳ್ತಾ ಅವಳಿಗೇ ಹೊಳೀತು. ಹುಳ ಬಂದಲ್ಲಿ ಕಾಳು. ಹುಳ ಬರದಲ್ಲಿ ಹೊಟ್ಟು.

ಕೇತವ್ವ ಅದನ್ನೂ ಆ ಕಡೆಗೆ ಹೇಳಿದ್ಳು. ಕಾಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯ್ತಂತೆ. ಗೌಡನ ಕೈಗೆ ಬಂದಾಗ ಅವನು ಮುಷ್ಟಿ ಮುಚ್ಕೊಂಡ್ನಂತೆ. ಬಿಗಿ ಮನುಷ್ಯ ಅಂದೆನಲ್ಲ, ಅವನ ತಲೆ ಬಗ್ಗಿತು. ಅಜ್ಜನಿಗೆ ಹೇಳು ಕೇತವ್ವ ಅಂದ. ಇಷ್ಟು ವರ್ಷ ನಿಮ್ಮ ಜೇನು ತಿಂದೆ. ಒಂದು ಸಲ ಬೆಟ್ಟ ಹತ್ತಿ ಬಂದು, ಹಿಂಗಂದ್ಯಾ ಅಂತ ಕೇಳೋಕೆ ನನಗೆ ಕಾಲಿರಲಿಲ್ವಾ? ಬೆಂಕಿ ಹಚ್ಚೋಕೆ ಮಾತ್ರ ಕೈ ಮುಂದೆ ಬಂತು. ನನಗೆ ನಿಮ್ಮ ಮುಖ ನೋಡೋಕಾಗ್ತಿಲ್ಲ.

ಜಡೆಯಜ್ಜ ಅದನ್ನ ಕೇಳಿ, ನಾನೂ ಇಳಿದು ಬರಲಿಲ್ಲ ಗೌಡ ಅಂದ್ನಂತೆ. ಕೆಳಗಿನೋರು ಹಂಗೇ, ದುರಾಸೆಯೋರು ಅಂತ ನಮ್ಮಪ್ಪ ಹೇಳ್ತಿದ್ದ, ಇವಳು ಅಂದಿದ್ದು ಆ ಮಾತಿಗೆ ಸರಿಹೋಯ್ತು, ನಂಬಿಬಿಟ್ಟೆ.

ಅವತ್ತು ಆ ಮರದ ಕೆಳಗೆ ತಲೆ ಎತ್ತಿ ನಿಂತೋರು ಒಬ್ಬರೂ ಇರಲಿಲ್ಲಂತೆ, ಆ ಕೂಸೊಂದು ಬಿಟ್ಟು.

ಆಮೇಲೆ ಕ್ಯಾಕರಿಸಿ, ಗಂಟಲು ಸರಿಮಾಡ್ಕೊಂಡು, ಕೂತ್ರು. ಸಂಜೆ ತನಕ ಮಾತಾಡಿದ್ರು. ಎಲ್ಲಾದಕ್ಕೂ ಒಪ್ಪಿಗೆ ಆಗಲಿಲ್ಲ ಮಗಾ. ನಮ್ಮ ದೇವರಿಗೆ ನೀವೂ ಕೈ ಮುಗೀರಿ ಅಂದ ಒಬ್ಬ, ಹಾಡಿಯೋರು ಆಗಲ್ಲ ಅಂದ್ರು. ನಮ್ಮ ದನ ಬೆಟ್ಟಕ್ಕೆ ಬಿಡ್ತೀವಿ ಅಂದ ಇನ್ನೊಬ್ಬ, ಅದಕ್ಕೂ ಆಗಲ್ಲ ಅಂದ್ರು. ಒಪ್ಪಿದ್ದು ಮೂರೇ ಮಾತು. ಹೂವಿರೋ ತನಕ ಹೊಲದಲ್ಲಿ ಯಾರೂ ಬೆಂಕಿ ಹಾಕಂಗಿಲ್ಲ. ಚಿಕ್ಕತಾಯಿ ಕೊಟ್ಟ ಬೀಜಾನ ಮೊದಲು ಬೆಟ್ಟದ ಬುಡದಲ್ಲಿ ಬಿತ್ತಬೇಕು, ಎದ್ದು ಹೋದ ಹುಳ ಅದರ ವಾಸನೆ ಹಿಡಿದು ಬರಲಿ, ಬರೋ ವರ್ಷ ಹಾಡಿಯೋರು ಒಂದು ಜೇನುಹುಟ್ಟನ್ನೂ ಕೊಯ್ಯದೆ ಬಿಡಲಿ. ಮೂರನೇದು ಕೇತವ್ವನದು. ಓಡಿಸೋದು ಬೇಡ ಅಂತ ಜವನಿ ಅಂದ್ಳಂತೆ, ಓಡಿಸಿದ್ರೆ ಅವಳಿಗೆ ಸುಲಭ ಆಗ್ತದೆ. ಊರಿಂದ ಬಂದೋರಿಗೆ ಹಾಡಿ ಮಾತು, ಹಾಡಿಯಿಂದ ಬಂದೋರಿಗೆ ಊರ ಮಾತು, ದಿನಾ ಕೂತು ಕಲಿಸಲಿ, ನಡುವೆ ಯಾರೂ ಬೇಡ ಅನ್ನೋವಷ್ಟು ಕಲಿಸಲಿ ಅಂದ್ಳು. ಕೇತವ್ವ ಆ ಶಿಕ್ಷೇನೂ ತಾನೇ ಎರಡೂ ಕಡೆ ಹೇಳಿ, ಹೂಂ ಅಂದ್ಳಂತೆ. ಗಡಿಗೆ ಜೇನು ಊರಿಗೆ, ಗಡಿಗೆ ಎಣ್ಣೆ ಹಾಡಿಗೆ ಹಂಚಿ ಹೋಯ್ತು.

ಆಮೇಲೆ ಕಲಿಸಿದ್ಳು. ಮೊದಮೊದಲು ಬಂದೋರು ಅವಳ ಮುಖ ನೋಡದೆ ಕಲಿತು ಎದ್ದು ಹೋಗೋರಂತೆ. ಅವಳೂ ಮುಖ ಎತ್ತದೆ ಕಲಿಸೋಳು. ಒಂದು ಮಾತಿಗೆ ಅರ್ಥ ಹೇಳಿದ್ರೆ, ಹೌದಾ, ನಿಜವಾ ಅಂತ ಎರಡೆರಡು ಸಲ ಕೇಳೋರು. ಹೌದು ನಿಜ ಅಂತ ಎರಡೆರಡು ಸಲ ಹೇಳೋಳು. ಮಳೆಗಾಲ ಬರೋ ಹೊತ್ತಿಗೆ ಗೌಡನೂ ಜಡೆಯಜ್ಜನೂ ಅವಳಿಲ್ಲದೇನೇ ಮರದ ಕೆಳಗೆ ಕೂತು, ತೊದಲು ತೊದಲಾಗಿ ಜಗಳ ಆಡೋವಷ್ಟು ಕಲಿತಿದ್ರಂತೆ.

ನಾಚಿಕೆ ಹೋಯ್ತಾ ಅಂತ ಕೇಳ್ತೀಯಾ? ಪೂರಾ ಹೋಗಲಿಲ್ಲಂತೆ. ಮರದ ಹತ್ರ ಹಾದು ಹೋಗೋವಾಗ್ಲೆಲ್ಲ ಅವಳಿಗೆ ಕೆನ್ನೆ ಬಿಸಿ ಆಗೋದಂತೆ, ಮುದುಕಿ ಆದ ಮೇಲೂ.

ಆ ವರ್ಷ ಬೆಟ್ಟದ ಬುಡದಲ್ಲಿ ಹೂವು ಬಿಡ್ತು. ಹುಳ ಬರ್ತವೋ ಇಲ್ವೋ ಅಂತ ಊರೂ ಹಾಡಿಯೂ ಎರಡೂ ಬಂದು ಬದುವಿನ ಮೇಲೆ ಸಾಲಾಗಿ ನಿಂತ್ರಂತೆ. ಒಂದು ದಿನ ಬರಲಿಲ್ಲ. ಎರಡನೇ ದಿನ ಬರಲಿಲ್ಲ. ಮೂರನೇ ದಿನ ಬಿಸಿಲೇರೋ ಹೊತ್ತಿಗೆ ಒಂದು ಬಂತು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕ ಸಿಗದಷ್ಟು. ಜನ ಹೋ ಅಂದ್ರು. ಕೇತವ್ವ ಮಾತ್ರ ಎಲ್ರಿಗಿಂತ ಹಿಂದೆ, ತಲೆ ಮೇಲೆ ಸೆರಗು ಹಾಕ್ಕೊಂಡು ನಿಂತಿದ್ಳಂತೆ. ಮುಂದೆ ಬರೋಕೆ ಅವಳಿಗೆ ಧೈರ್ಯ ಇಲ್ಲ.

ಜವನಿಗೆ ಹೂವಿನ ಹತ್ರ ಹೋಗಿ ನೋಡೋ ಆಸೆ. ಕಂಕುಳಲ್ಲಿ ಕೂಸು, ಈಗದು ದಪ್ಪಗಾಗಿತ್ತು, ಒಂದು ಕಡೆ ನಿಲ್ತಿರ್ಲಿಲ್ಲ. ಆ ಕಡೆ ಈ ಕಡೆ ನೋಡಿದ್ಳು. ಆಮೇಲೆ ನೇರ ಹಿಂದಕ್ಕೆ ಬಂದು, ಹೊಸದಾಗಿ ಕಲಿತ ಊರ ಮಾತಲ್ಲಿ, ಇಡ್ಕೋ ಅಂತ ಕೂಸನ್ನ ಕೇತವ್ವನ ತೋಳಿಗೆ ಹಾಕಿ, ತಿರುಗೂ ನೋಡದೆ ಹೊಲಕ್ಕೆ ಇಳಿದು ಹೋದ್ಳಂತೆ. ಕೇತವ್ವ ಹಿಡ್ಕೊಂಡ್ಳು. ಗಟ್ಟಿಯಾಗಿ ಹಿಡ್ಕೊಂಡು ಅಲ್ಲೇ ನಿಂತ್ಳು.

ಅವರೆಲ್ಲ ಅಲ್ಲಿ ಜೇನು ಎಣ್ಣೆ ಹಂಚ್ಕೊಂಡು ಸುಖವಾಗವ್ರೆ, ನಾವು ಇಲ್ಲಿ ಒಂದೇ ಕಂಬಳಿ ಹಂಚ್ಕೊಂಡು ಸುಖವಾಗಿದ್ದೀವಿ. ಕತೆ ಮುಗೀತು ಮಗಾ. ಹೂಂ ಅನ್ನು. ...ಓ, ನಿದ್ದೆ ಬಂದುಬಿಡ್ತಾ.